ಕೌದಿಯ ಹುಚ್ಚು

ಮೊರಬ
18-6-1984

ಚಿ. ಸೌ. ಸಾವಿತ್ರಿಗೆ ನಿನ್ನ ಅಪ್ಪ ಈರಬಸಪ್ಪನ ಆಶೀರ್ವಾದ.

ನೀನು ತಂಬೂರಿಗೆ ಹೋಗಿ ಇಂದಿಗೆ ಇಪ್ಪತ್ತೆರಡು ದಿನ. ನಿಮ್ಮವ್ವ ಇನ್ನೂ ನಿನ್ನ ಪಾಲಿನ ಎರಡು ರೊಟ್ಟಿ ಹೆಚ್ಚಿಗೆ ಬಡಿಯುತ್ತಾಳೆ. ಅವನ್ನು ತಿಂದು ನಿನ್ನ ತಂಗಿ ನೀಲಾ ದಪ್ಪಗಾಗುತ್ತಿದ್ದಾಳೆ.

ಕೌದಿಗೆಂದು ನೀನು ಕೂಡಿಟ್ಟ ಚಿಂದಿ ಬಟ್ಟೆಯ ಗಂಟು ಇಲ್ಲೇ ಉಳಿದಿದೆ. "ಆಕಿ ಇದನ್ನ ಹೆಂಗ ಬಿಟ್ಟು ಹೋದಳು?" ಎಂದು ಅವ್ವ ದಿನಕ್ಕೊಮ್ಮೆ ಕೇಳುತ್ತಾಳೆ. ಗಂಡನ ಮನೆಗೆ ಹಳೆಯ ಬಟ್ಟೆ ಒಯ್ಯಲು ನಾಚಿದೆಯೇನು? ನಾಚುವ ಕಾರಣವಿಲ್ಲ. ಸಂಬಂಧ ಮಾತಾಡುವಾಗಲೇ ನಿನ್ನ ಮಾವ ಕುಬೇರಪ್ಪನವರಿಗೆ ನಾನು ಪತ್ರ ಬರೆದು ತಿಳಿಸಿದ್ದೆ: "ಹುಡುಗಿ ಏಳನೆಯ ಇಯತ್ತೆ ಪಾಸಾಗಿದ್ದಾಳೆ. ಮನೆಗೆಲಸದಲ್ಲಿ ಚುರುಕು. ಕೌದಿ ಹೊಲಿಯುವ ಹುಚ್ಚು ಬಹಳ." ಆಸಕ್ತಿ ಎಂದು ಬರೆಯಬಹುದಿತ್ತು, ಹವ್ಯಾಸ ಎಂದೂ ಬರೆಯಬಹುದಿತ್ತು. ಅವು ಪಠ್ಯಪುಸ್ತಕದ ಸಪ್ಪೆ ಶಬ್ದಗಳು. ಊಟ ಮರೆತು, ಕರೆದರೆ ಓಗೊಡದೆ, ಒಂದು ಹೊದಿಕೆಗಾಗಿ ಸುತ್ತಲೂ ಹಳೆ ಸೀರೆ ಧೋತರದ ತುಂಡು ಹರವಿಕೊಂಡು ಕೂಡುವವಳಿಗೆ ಹುಚ್ಚು ಎಂಬ ಶಬ್ದವೇ ಸರಿ. ಮೂವತ್ತೊಂದು ವರ್ಷ ಮಕ್ಕಳಿಗೆ ಶಬ್ದಾರ್ಥ ಹೇಳಿದವನು ನಾನು. ಯಾವ ಶಬ್ದ ಎಲ್ಲಿ ಕೂಡಬೇಕೆಂದು ನನಗೆ ತಿಳಿಯುತ್ತದೆ.

ಗಂಟನ್ನು ಯಾರ ಕೈಯಲ್ಲಾದರೂ ಕಳಿಸಲೇ? ತಿಳಿಸು.

ನಿನ್ನ ಅಪ್ಪ


ತಂಬೂರ
5-7-1984

ಪೂಜ್ಯ ಅಪ್ಪನವರಿಗೆ, ಅವ್ವನಿಗೆ ಸಾವಿತ್ರಿಯ ನಮಸ್ಕಾರ.

ಇಲ್ಲಿ ಮಳೆ ಹಿಡಿದು ಎಂಟು ದಿನವಾಯಿತು. ನಮ್ಮ ಕಡೆಯ ಹಾಗೆ ಬಂದು ಹೋಗುವ ಮಳೆಯಲ್ಲ. ಎಲ್ಲರೂ ಭತ್ತದ ಗದ್ದೆಯಲ್ಲಿದ್ದಾರೆ. ನನಗೆ ಕೆಸರಿನಲ್ಲಿ ನಿಲ್ಲಲು ಬರುವುದಿಲ್ಲ, ಎರಡು ಸಲ ಬಿದ್ದೆ. ಅತ್ತೆ ರೇವವ್ವನವರು ನಕ್ಕರು. ಇವರೂ ನಕ್ಕರು. (ಇವರ ಹೆಸರನ್ನು ನಾನು ಬರೆಯುವುದಿಲ್ಲ, ನಿಮ್ಮ ಅಳಿಯ ಮಡಿವಾಳೆಪ್ಪನವರು ಎಂದು ನೀವೇ ಓದಿಕೊಳ್ಳಿ.)

ಗಂಟು ಕಳಿಸುವುದು ಬೇಡ. ಇಲ್ಲಿ ದರ್ಜಿ ಮಾಬುಸಾಬ ಇದ್ದಾನೆ. ಅವನ ಮಷೀನಿನ ಕೆಳಗೆ ಬಿದ್ದ ತುಂಡುಗಳನ್ನು ಕೇಳಿದೆ. "ಒಯ್ಯವಾ, ನನಗೇನು ಒಲೀಗೆ ಹಾಕೂದು" ಅಂದ. ಇವರು ಕಲಘಟಗಿಗೆ ಹೋದಾಗ ಅಂಗಿಯ ಕಿಸೆಯಲ್ಲಿ ನಾಲ್ಕು ತುಂಡು ಮುಚ್ಚಿಟ್ಟುಕೊಂಡು ಬಂದರು. ಯಾರಿಗೂ ತೋರಿಸಬೇಡ ಅಂದರು. ನನಗೆ ನಗು ಬಂತು.

ಒಂದು ಕೌದಿಗೆ ಕೈ ಹಾಕಿದ್ದೇನೆ. ಸುತ್ತ ಕೆಂಪು, ನಡುವಿಗೆ ಬೇಕಾದ ಹಸಿರು ಇನ್ನೂ ಸಿಕ್ಕಿಲ್ಲ. ಇನ್ನೇನೂ ವಿಶೇಷವಿಲ್ಲ.

ಸಾವಿತ್ರಿ


ತಂಬೂರ
2-9-1984

ಅಪ್ಪಾ,

ಪಂಚಮಿಗೆ ನೀವು ಕರೆಯಲು ಬರುತ್ತೀರೆಂದು ಕಾದೆ. ಮೊದಲ ವರ್ಷ ಸೊಸೆ ನಮ್ಮಲ್ಲೇ ಇರಲಿ ಎಂದು ಮಾವನವರು ನಿಮಗೆ ಬರೆದಿದ್ದರಂತೆ. ಅದು ನನಗೆ ಹಬ್ಬ ಕಳೆದ ಮೇಲೆ ಗೊತ್ತಾಯಿತು.

ಅತ್ತೆಯವರು ಸೂಜಿ ದಾರ ತೆಗೆದಿಟ್ಟಿದ್ದಾರೆ. ಹೊಲಿದಷ್ಟು ಕೌದಿಯನ್ನೂ ಎಲ್ಲಿಗೋ ಕಳಿಸಿದರು. ಮನೆಗೆ ಯಾರಾದರೂ ಬಂದರೆ ನಾನು ಒಳಗೇ ಕೂಡಬೇಕು. ತಪ್ಪು ನನ್ನದೂ ಇದೆ. ಅದನ್ನು ಬರೆಯಲು ಆಗುವುದಿಲ್ಲ, ಎದುರಿಗೆ ಹೇಳುತ್ತೇನೆ.

ಒಮ್ಮೆ ಬಂದು ಹೋಗಿ. ಅರ್ಧ ದಿನ ಸಾಕು. ಈ ಪತ್ರವನ್ನು ಮಾಬುಸಾಬ ಅಂಚೆ ಡಬ್ಬಿಗೆ ಹಾಕುತ್ತಾನೆ. ನೀವು ಬರೆದರೆ ಅದನ್ನು ಮೊದಲು ಮಾವನವರು ಒಡೆಯುತ್ತಾರೆ. ಅದಕ್ಕೇ ಬನ್ನಿ ಅನ್ನುತ್ತೇನೆ.

ಸಾವಿತ್ರಿ


ಮೊರಬ
10-9-1984

ಚಿ. ಸೌ. ಸಾವಿತ್ರಿಗೆ ಆಶೀರ್ವಾದ.

ನಿನ್ನ ಪತ್ರ ಓದಿ ಹೇಳಿದಾಗ ನಿಮ್ಮವ್ವ ಒಂದೇ ಹಠ ಹಿಡಿದಳು. "ಬರೀಬ್ಯಾಡ್ರಿ, ಹೋಗಿ ಬರ್ರಿ" ಎಂದಳು. ಹೆಂಗಸರಿಗೆ ಪತ್ರದ ಬಲ ತಿಳಿಯುವುದಿಲ್ಲ. ಹೊಸ ಬೀಗರ ಮನೆಗೆ ಅವಸರದಲ್ಲಿ ಓಡಿದರೆ ದೂರು ಕೇಳಿಕೊಂಡು ಜಗಳಕ್ಕೆ ಬಂದ ಹಾಗೆ ಕಾಣುತ್ತದೆ. ಅದಕ್ಕೆ ಕುಬೇರಪ್ಪನವರಿಗೆ ನಾಲ್ಕು ಪುಟದ ಪತ್ರ ಬರೆದಿದ್ದೇನೆ. ನಿನ್ನ ಪತ್ರದ ಮಾತೇ ಎತ್ತಿಲ್ಲ, ಹೆದರಬೇಡ.

ಪತ್ರ ಚೆನ್ನಾಗಿ ಬಂದಿದೆ. ಎರಡು ಸಾಲು ಹೇಳುತ್ತೇನೆ: "ನನ್ನ ಮಗಳಿಗೆ ಈ ಹುಚ್ಚು ಚಿಕ್ಕಂದಿನಿಂದ ಇದೆ. ಬೈದೆವು, ಹೊಡೆದೆವು, ಬಿಡಲಿಲ್ಲ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂದು ಗಾದೆಯೇ ಇದೆಯಲ್ಲ. ನಾವು ಮೊದಲು ಮದುವೆ ಮಾಡಿದೆವು, ಹುಚ್ಚು ಬಿಡಿಸುವ ಪಾಲು ನಿಮ್ಮದು. ದೊಡ್ಡ ಮನಸ್ಸು ಮಾಡಿ ಸಹಿಸಿಕೊಳ್ಳಬೇಕು."

ಓದಿದವರು ನಗದೆ ಇರಲಾರರು. ನಕ್ಕರೆ ಅರ್ಧ ಸಿಟ್ಟು ಇಳಿದ ಹಾಗೆ. ನೀನು ಅತ್ತೆಯ ಮಾತು ಮೀರಬೇಡ. ಇದನ್ನು ಮಾಬುಸಾಬನ ವಿಳಾಸಕ್ಕೆ ಹಾಕುತ್ತೇನೆ, ನಿನ್ನ ಕೈಗೇ ಮುಟ್ಟುತ್ತದೆ.

ನಿನ್ನ ಅಪ್ಪ


ತಂಬೂರ
28-11-1984

ಅಪ್ಪಾ,

ಸುಮಾರು ಮೂರು ತಿಂಗಳು ಬರೆಯಲಾಗಲಿಲ್ಲ. ಅಕ್ಷರ ಸೊಟ್ಟಗಿವೆ. ಗುಳಿಗೆಯಿಂದ ಕೈ ನಡುಗುತ್ತದೆ.

ಹುಬ್ಬಳ್ಳಿಗೆ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. "ದಿನಾ ಎಷ್ಟ ತಾಸು ಹೊಲಿತಿದ್ದೆವಾ?" ಎಂದು ಕೇಳಿದರು. "ಕೆಲಸ ಮುಗಿದ ಮ್ಯಾಲ ಎಷ್ಟ ಸಿಗ್ತೈತಿ ಅಷ್ಟು ರೀ" ಅಂದೆ. "ಬಿಟ್ರ ಏನಾಗ್ತೈತಿ?" ಎಂದರು. "ಕೈ ಸುಮ್ನ ಕೂಡೂದಿಲ್ರಿ" ಅಂದೆ. ಹಾಗನ್ನಬಾರದಿತ್ತೇನೋ. ಮಾವನವರು ಕಿಸೆಯಿಂದ ಒಂದು ಕಾಗದ ತೆಗೆದು ಕೊಟ್ಟರು. ಡಾಕ್ಟರು ಅದನ್ನು ಎರಡು ಸಲ ಓದಿ, ನನ್ನನ್ನು ನೋಡಿ, ಗುಳಿಗೆ ಬರೆದರು. ಇವರು ಬಾಗಿಲಲ್ಲಿ ನಿಂತಿದ್ದರು.

ಊಟ ಮಾಡಿದ ಕೂಡಲೇ ನಿದ್ದೆ ಬರುತ್ತದೆ. ಎದ್ದರೆ ಎಲ್ಲಿದ್ದೇನೆಂದು ತಿಳಿಯಲು ಹೊತ್ತು ಹಿಡಿಯುತ್ತದೆ. ನೀವು ಮಾವನವರಿಗೆ ಪತ್ರ ಬರೆಯಬೇಡಿ. ದಯವಿಟ್ಟು ಬರೆಯಬೇಡಿ.

ಸಾವಿತ್ರಿ


ಮೊರಬ
6-12-1984

ಸಾವಿತ್ರಿ,

ಯಾವ ಕಾಗದ ಅದು? ಯಾರು ಬರೆದದ್ದು? ನೀನು ಹುಚ್ಚಿ ಎಂಬ ಮಾತು ಮೊದಲು ಯಾರ ಬಾಯಿಂದ ಬಂತು, ಅದನ್ನಷ್ಟು ಹೇಳು. ಆ ದರ್ಜಿಯೇ ಏನಾದರೂ ಆಡಿಕೊಂಡನೇ? ಅಥವಾ ನಿನ್ನ ಅತ್ತೆಯೇ? ಹೆಸರು ಗೊತ್ತಾದರೆ ನಾನು ಮುಂದಿನದು ನೋಡಿಕೊಳ್ಳುತ್ತೇನೆ.

ನಾಡಿದ್ದು ಹೊರಡುವವನಿದ್ದೆ. ಅಷ್ಟರಲ್ಲಿ ಕುಬೇರಪ್ಪನವರ ಕಾರ್ಡು ಬಂತು. ಸಂಕ್ರಮಣಕ್ಕೆ ನಾವೇ ಕರೆತರುತ್ತೇವೆ ಎಂದಿದ್ದಾರೆ. ಕಾರ್ಡಿನ ಧಾಟಿ ಮರ್ಯಾದೆಯಿಂದಲೇ ಇದೆ. ಹಾಗಾದರೆ ಕಾಯುವುದು ಲೇಸು ಅನ್ನಿಸಿತು.

ಅಪ್ಪ


ಮೊರಬ
2-2-1985

ಅಣ್ಣಿಗೇರಿಯಲ್ಲಿ ನಿಮ್ಮವ್ವನ ತಂಗಿ ಸುಶೀಲವ್ವ ಚಿಗವ್ವನ ಮನೆಯಲ್ಲಿರುವ ಚಿ. ಸಾವಿತ್ರಿಗೆ,

ಸುಖವಾಗಿ ಮುಟ್ಟಿದೆ ಎಂದು ತಿಳಿಯಿತು. ನಿನ್ನ ಗಂಡ ಸಂಕ್ರಮಣಕ್ಕೆ ನಿನ್ನನ್ನು ಬಿಟ್ಟು "ನಾಕ ದಿನಕ್ಕ ಬರ್ತೀನ್ರಿ" ಎಂದು ಹೋದವನು ಇನ್ನೂ ಬಂದಿಲ್ಲ, ಪತ್ರವೂ ಇಲ್ಲ. ಬಂದೇ ಬರುತ್ತಾನೆ.

ಸೋರುವ ಮಾಳಿಗೆಯ ಮೇಲಿನ ಮಣ್ಣು ತೆಗೆಸಿ ಹೊಸದಾಗಿ ಹಾಕಿಸುತ್ತಿದ್ದೇನೆ. ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಅದಕ್ಕೇ ನಿನ್ನನ್ನು ಕೆಲವು ದಿನ ಅಲ್ಲಿಗೆ ಕಳಿಸಿದ್ದು. ಬೇರೇನೂ ತಿಳಿಯಬೇಡ. ಗುಳಿಗೆ ನಿಲ್ಲಿಸಿದ ಮೇಲೆ ನಿನ್ನ ಅಕ್ಷರ ಮೊದಲಿನಂತಾಗಿದೆ ಎಂದು ಚಿಗವ್ವ ಬರೆಸಿದ್ದಾಳೆ. ಸಂತೋಷ.

ಅಪ್ಪ


ಅಣ್ಣಿಗೇರಿ
15-2-1985

ಅಪ್ಪಾ,

ನೀಲಾಳನ್ನು ನೋಡಲು ಕುಂದಗೋಳದಿಂದ ಬಂದಿದ್ದರೆಂದು ಚಿಗವ್ವ ಹೇಳಿದಳು. ಹುಡುಗ ಬ್ಯಾಂಕಿನಲ್ಲಿದ್ದಾನಂತೆ. ಒಳ್ಳೆಯದಾಯಿತು. ಅವರು ಬಂದ ದಿನ ನಾನು ಅಲ್ಲಿರುವುದು ಬೇಡವಾಗಿತ್ತು ಎಂದು ನೇರವಾಗಿ ಹೇಳಿದ್ದರೂ ನಾನು ಹೋಗುತ್ತಿದ್ದೆ. ಮಾಳಿಗೆಗೆ ಮಣ್ಣು ಮಳೆಗಾಲದ ಬಾಯಿಗೆ ಹಾಕಿಸುತ್ತಾರೆ, ಮಾಘದಲ್ಲಿ ಯಾರೂ ತೆಗೆಸುವುದಿಲ್ಲ.

ನೀಲಾಳಿಗೆ ಕಡುನೀಲಿ ಸೀರೆ ಒಪ್ಪುತ್ತದೆ. ಅವ್ವನಿಗೆ ಹೇಳಿ.

ಸಾವಿತ್ರಿ


ಮೊರಬ
9-4-1985

ಸಾವಿತ್ರಿ,

ಕೋರ್ಟಿನ ನೋಟೀಸು ಬಂದಿದೆ. ಹುಡುಗಿಗೆ ಮೊದಲಿನಿಂದ ಬುದ್ಧಿಭ್ರಮಣೆ ಇತ್ತು, ತಂದೆ ಅದನ್ನು ಮುಚ್ಚಿಟ್ಟು ಮದುವೆ ಮಾಡಿಕೊಟ್ಟಿದ್ದಾನೆ, ಈ ಮದುವೆ ರದ್ದಾಗಬೇಕು ಎಂದು ನಿನ್ನ ಗಂಡ ಅರ್ಜಿ ಹಾಕಿದ್ದಾನೆ. ಅರ್ಜಿಯ ಬೆನ್ನಿಗೆ ಪುರಾವೆ ಇಟ್ಟಿದ್ದಾರೆ. ನಾನು ಬರೆದ ನಾಲ್ಕು ಪುಟದ ಪತ್ರದ ನಕಲು. ನನ್ನದೇ ಅಕ್ಷರ. ಹುಚ್ಚು ಎಂಬ ಶಬ್ದ ಬಂದಲ್ಲೆಲ್ಲ ಕೆಂಪು ಶಾಯಿಯ ಗೆರೆ. ಹನ್ನೊಂದು ಕಡೆ ಇದೆ. ಅಷ್ಟು ಸಲ ಯಾಕೆ ಬರೆದೆನೋ ತಿಳಿಯದು.

ಗಾದೆಗೆ ಎರಡು ಗೆರೆ ಎಳೆದಿದ್ದಾರೆ.

ನಿಮ್ಮವ್ವ ಕೊನೆಯ ತನಕ ಓದಿಸಿ ಕೇಳಿದಳು. ಆಮೇಲೆ ಎದ್ದು ಹಿತ್ತಿಲಿಗೆ ಹೋದಳು. 

ಡಾಕ್ಟರಿಗೆ ತೋರಿಸಿದ ಕಾಗದ ಇದೇ ಎಂದು ನಿನಗೆ ಗೊತ್ತಿತ್ತೇ? ಗೊತ್ತಿದ್ದರೆ ಯಾಕೆ ಹೇಳಲಿಲ್ಲ?

ಅಪ್ಪ


ಅಣ್ಣಿಗೇರಿ
16-4-1985

ಅಪ್ಪಾ,

ಗೊತ್ತಿತ್ತು. ನಿಮ್ಮ ಅಕ್ಷರ ನನಗೆ ದೂರದಿಂದಲೂ ತಿಳಿಯುತ್ತದೆ. ಹೇಳಿ ಏನು ಮಾಡುವುದಿತ್ತು? ನೀವು ಇನ್ನೊಂದು ಪತ್ರ ಬರೆಯುತ್ತಿದ್ದಿರಿ.

ಈಗ ಎಲ್ಲ ಬರೆಯುತ್ತೇನೆ. ಶ್ರಾವಣದಲ್ಲಿ ಒಂದು ದಿನ ನೀರು ತರುವಾಗ ಮೂರು ದಾರಿ ಕೂಡುವಲ್ಲಿ ಹಸಿರು ಖಣ ಬಿದ್ದಿತ್ತು. ಹೊಚ್ಚ ಹೊಸ ಕುಪ್ಪಸದ ಬಟ್ಟೆ, ಹಳದಿ ಅಂಚು. ಯಾರದೋ ಕೂಸಿಗೆ ದೃಷ್ಟಿ ತೆಗೆದು ಎಸೆದದ್ದು, ಮುಟ್ಟಬಾರದ್ದು ಎಂದು ನನಗೂ ತಿಳಿಯುತ್ತಿತ್ತು. ಆದರೆ ಅಂಥ ಹಸಿರಿಗಾಗಿ ನಾನು ತಿಂಗಳಿಂದ ಹುಡುಕುತ್ತಿದ್ದೆ. ಅಪ್ಪಾ, ನಾನು ಅದನ್ನು ದಾಟಿ ಹತ್ತು ಹೆಜ್ಜೆ ಹೋದೆ, ಮತ್ತೆ ಹಿಂದಿರುಗಿ ಬಂದೆ. ಎತ್ತಿಕೊಂಡು ಹೋಗಿ, ನೀರಲ್ಲಿ ತೊಳೆದು ಕೌದಿಗೆ ಹಚ್ಚಿದೆ. ಅದೇ ವಾರ, ಬಾಣಂತನಕ್ಕೆ ಬಂದಿದ್ದ ನಾದಿನಿಯ ಕೂಸಿಗೆ ವಾಂತಿಭೇದಿ ಹತ್ತಿತು. ಅತ್ತೆ ಕೌದಿಯಲ್ಲಿ ಖಣ ಕಂಡರು. ಕೂಸು ಉಳಿಯಿತು, ಆದರೆ ಅಂದಿನಿಂದ ಅತ್ತೆ ನನ್ನ ಕೈಯಿಂದ ಕೂಸನ್ನು ಎತ್ತಿಸಲಿಲ್ಲ. ಅವರ ಹೆದರಿಕೆ ನನಗೆ ಅರ್ಥವಾಗುತ್ತಿತ್ತು. ಒಂದೆರಡು ತಿಂಗಳು ಕಳೆದರೆ ಇಳಿಯುತ್ತಿತ್ತೇನೋ.

ಅಷ್ಟರಲ್ಲಿ ನಿಮ್ಮ ಪತ್ರ ಬಂತು. ಮಾವನವರು ಓಣಿಯ ನಾಲ್ಕು ಹಿರಿಯರನ್ನು ಕರೆಸಿ ಪಡಸಾಲೆಯಲ್ಲಿ ಗಟ್ಟಿಯಾಗಿ ಓದಿದರು. ಯಾರೂ ನಗಲಿಲ್ಲ. "ಅವರಪ್ಪನ ಬರದಾನಲ್ಲೋ, ಸಾಲಿ ಮಾಸ್ತರ. ಇನ್ನೇನ ಬೇಕು?" ಎಂದರು ಒಬ್ಬರು. ಅಡುಗೆಮನೆಯಲ್ಲಿ ನಿಂತು ಕೇಳಿದೆ. ಹೊಡೆದೆವು ಎಂದು ಬರೆದಿದ್ದಿರಿ. ನೀವು ನನ್ನನ್ನು ಎಂದಾದರೂ ಹೊಡೆದಿದ್ದಿರೇ ಎಂದು ನೆನಪು ಮಾಡಿಕೊಳ್ಳುತ್ತ ನಿಂತೆ.

ನೀಲಾಳ ಮದುವೆ ಕೂಡಿಬಂದಿದೆಯಂತೆ, ಅಕ್ಕಿಕಾಳಿಗೆ ನಾನು ಬರುವುದಿಲ್ಲ. ಯಾರಾದರೂ ಕೇಳಿದರೆ ದೊಡ್ಡವಳು ಗಂಡನ ಮನೆಯಲ್ಲಿದ್ದಾಳೆ ಎನ್ನಿ.

ಸಾವಿತ್ರಿ


ಮೊರಬ
22-8-1986

ಚಿ. ಸಾವಿತ್ರಿಗೆ,

ನಿನ್ನೆ ಕೋರ್ಟಿನಲ್ಲಿ ನನ್ನ ಸಾಕ್ಷಿ ಆಯಿತು. ಹದಿನಾರು ತಿಂಗಳು ತಾರೀಖಿನ ಮೇಲೆ ತಾರೀಖು ಬಿದ್ದು, ಕೊನೆಗೆ ಕರೆದರು. ನಿನಗೆ ಚಳಿಜ್ವರ ಬಂದು ಬರಲಾಗದ್ದು ಒಳ್ಳೆಯದೇ ಆಯಿತು.

ಶಬ್ದಕೋಶ ಒಯ್ದಿದ್ದೆ. ಗುರುತಿಗೆ ಕಡ್ಡಿ ಇಟ್ಟುಕೊಂಡಿದ್ದೆ. ಕಟಕಟೆಯಲ್ಲಿ ನಿಂತು ಹೇಳಿದೆ: "ಹುಚ್ಚು ಅಂದ್ರ ಅತಿಯಾದ ಪ್ರೀತಿ ರೀ. ನಮ್ಮೂರಾಗ ಅರ್ಧ ಮಂದಿಗೆ ಕುಸ್ತಿ ಹುಚ್ಚೈತಿ, ಅರ್ಧ ಮಂದಿಗೆ ದೊಡ್ಡಾಟದ ಹುಚ್ಚೈತಿ. ಅವರ್ಯಾರೂ ತಲಿ ಕೆಟ್ಟವರಲ್ರಿ." ನ್ಯಾಯಾಧೀಶರು ತಲೆದೂಗಿದರು. ಆಗ ಅವರ ಕಡೆಯ ವಕೀಲ ಎದ್ದ.

"ಮಾಸ್ತರ, ಆ ಕುಸ್ತಿಯವರನ್ನ, ದೊಡ್ಡಾಟದವರನ್ನ ಬೈದು ಹೊಡದು ಹುಚ್ಚು ಬಿಡಸಾಕ ನೋಡಿದ್ರೇನು?"

"ಇಲ್ರಿ."

"ಮಗಳಿಗೆ ಹೊಡದ್ರಿ?"

"ಇಲ್ರಿ. ಒಂದಿನಾನೂ ಹೊಡದಿಲ್ಲ."

"ಪತ್ರದಾಗ ಹೊಡದೆವು ಅಂತ ಐತಿ. ಸುಳ್ಳು ಬರದ್ರಿ?"

 "ಹೌದ್ರಿ" ಅಂದೆ.

"ಯಾಕ?"

"ಬೀಗರಿಗೆ ಸಮಾಧಾನ ಆಗ್ಲಿ ಅಂತ."

"ಅಂದ್ರ ಬೀಗರನ್ನ ಒಪ್ಪಸಾಕ ನೀವು ಸುಳ್ಳ ಬರೀತೀರಿ. ಆತು. ನಿಮ್ಮ ಶಬ್ದಕೋಶದಾಗ ಹುಚ್ಚು ಅನ್ನೂದಕ್ಕ ಮೊದಲನೇ ಅರ್ಥ ಏನೈತಿ, ಓದ್ರಿ."

ಓದಿದೆ ಮಗಳೇ. ಬುದ್ಧಿಭ್ರಮಣೆ. ಮೊದಲನೆಯದನ್ನು ಬಿಟ್ಟು ಎರಡನೆಯ ಅರ್ಥ ಓದಬಹುದಿತ್ತಲ್ಲ ಎಂದು ನೀನು ಕೇಳಬಹುದು. ಎದುರಿಗೆ ಪುಸ್ತಕವಿರುವಾಗ ಇದ್ದದ್ದನ್ನು ಬಿಟ್ಟು ಓದಲು ನನಗೆ ಆಗಲಿಲ್ಲ. ನಿನ್ನ ಗಂಡ ತನ್ನ ತಂದೆಯ ಪಕ್ಕದಲ್ಲಿ ಕುಳಿತು ನೆಲ ನೋಡುತ್ತಿದ್ದ.

ಇಳಿದು ಬಂದ ಮೇಲೆ ಶಬ್ದಕೋಶವನ್ನು ಕಟಕಟೆಯಲ್ಲೇ ಮರೆತೆ. ತರಲು ಹೋಗಲಿಲ್ಲ.

ಅಪ್ಪ


ಅಣ್ಣಿಗೇರಿ
30-8-1986

ಅಪ್ಪಾ,

ಜ್ವರ ಬಿಟ್ಟಿದೆ. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನೆರೆಮನೆಯ ಜಮೀಲಾಬಿಯ ಸಂಗಡ ಒಣಮೆಣಸಿನಕಾಯಿಯ ತೊಟ್ಟು ಬಿಡಿಸಲು ಕೂಲಿಗೆ ಹೋಗುತ್ತಿದ್ದೇನೆ. ಅಲ್ಲಿ ಎಲ್ಲರೂ ಸೀನುತ್ತಾರೆ, ಕಣ್ಣಲ್ಲಿ ನೀರು ಬರುತ್ತದೆ. ಯಾಕೆ ಅಳುತ್ತೀ ಎಂದು ಯಾರೂ ಕೇಳುವುದಿಲ್ಲ.

ಸಾವಿತ್ರಿ


ಮೊರಬ
14-3-1987

ಚಿ. ಸೌ. ಸಾವಿತ್ರಿಗೆ ಅಪ್ಪ, ಅವ್ವ ಇಬ್ಬರ ತುಂಬು ಆಶೀರ್ವಾದ.

ಗೆದ್ದೆವು! ಅರ್ಜಿ ವಜಾ ಆಯಿತು. ನಿನಗೆ ಯಾವ ಭ್ರಮಣೆಯೂ ಇಲ್ಲ, ಇದ್ದಿಲ್ಲ ಎಂದು ತೀರ್ಪು ಬರೆದಿದ್ದಾರೆ. ಗೆಲ್ಲಿಸಿದ್ದು ನಾನಲ್ಲ. ತಂಬೂರಿನಿಂದ ಮಾಬುಸಾಬ ಬಂದು ಸಾಕ್ಷಿ ಹೇಳಿದ್ದ: "ಹುಚ್ಚರೂ ಚಿಂದಿ ಆರಸ್ತಾರ್ರಿ ಸಾಹೇಬ್ರ. ಆದ್ರ ಬಣ್ಣಕ್ಕ ಬಣ್ಣ ಹೊಂದಸಂಗಿಲ್ಲ. ಈ ಹೆಣಮಗಳು ಬೆರಳ ಅಳತಿ ಹೇಳಿ ಕೇಳ್ತಿದ್ದಳು." ತೀರ್ಪಿನಲ್ಲಿ ಅವನ ಮಾತನ್ನೇ ಎತ್ತಿ ಬರೆದಿದ್ದಾರೆ. ಅವನ ಮೇಲೆ ನಾನು ಸಂಶಯ ಪಟ್ಟಿದ್ದೆ. ಈಗ ಕುಬೇರಪ್ಪನವರ ಮನೆಯ ಬಟ್ಟೆ ಅವನಿಗೆ ಬರುವುದಿಲ್ಲವಂತೆ.

ಇನ್ನು ನೀನು ಕಾಯ್ದೆಯ ಪ್ರಕಾರವೂ ಆ ಮನೆಯ ಸೊಸೆ. ತೀರ್ಪಿನ ನಕಲು ಇಟ್ಟು ಕುಬೇರಪ್ಪನವರಿಗೆ ಪತ್ರ ಬರೆಯುತ್ತೇನೆ, ಯುಗಾದಿಗೆ ಬಂದು ನಿನ್ನನ್ನು ಕರೆದುಕೊಂಡು ಹೋಗಲಿ. ಈ ಸಲ ಒಂದೊಂದು ಶಬ್ದ ತೂಗಿ ಬರೆಯುತ್ತೇನೆ. ನಿನಗೊಂದು ನಕಲು ಇದರ ಜೊತೆಗಿದೆ.

ನಿನ್ನ ಅಪ್ಪ


ಅಣ್ಣಿಗೇರಿ
2-4-1987

ಅಪ್ಪಾ,

ಮಾವನವರಿಗೆ ಬರೆದಿದ್ದರೆ ಬರೆದಿರಿ, ಇನ್ನು ಮುಂದೆ ಬರೆಯುವುದು ಬೇಡ. ನಿಮಗೆ ಹೇಳದೆ ನಾನೇ ಹೋಗಿ ಬಂದೆ.

ಯುಗಾದಿ ಮುಗಿದ ಮರುದಿನ ಚಿಗವ್ವನಿಗೆ ಹೇಳಿ ಹೊರಟೆ. ತಂಬೂರಿನಲ್ಲಿ ಇಳಿದಾಗ ಹೊತ್ತು ನೆತ್ತಿಯ ಮೇಲಿತ್ತು. ಬಾಗಿಲು ತೆಗೆದವಳು ಬಸುರಿ. ಏಳು ತಿಂಗಳಿರಬೇಕು. ನನ್ನನ್ನು ಯಾರೆಂದು ತಿಳಿಯದೆ "ಬರ್ರಿ ಅಕ್ಕಾರ, ಬಿಸಲಾಗ ಬಂದೀರಿ" ಎಂದು ತಂಬಿಗೆಯಲ್ಲಿ ನೀರು ಕೊಟ್ಟಳು. ಅವಳನ್ನು ಹೋದ ವರ್ಷ ಗುಡಿಯಲ್ಲಿ ಇವರಿಗೆ ಹಾರ ಹಾಕಿಸಿ ತಂದಿದ್ದಾರೆಂದು ಆಮೇಲೆ ಇವರೇ ಹೇಳಿದರು. ಬಡವರ ಮಗಳು, ಇವರ ಮೊದಲ ಮದುವೆ ಮುರಿದುಹೋಗಿದೆ ಎಂದು ಅವಳಿಗೆ ಹೇಳಿದ್ದಾರೆ. ಒಳಗಿನಿಂದ ಅತ್ತೆ ಬಂದರು. ನನ್ನನ್ನು ನೋಡಿ ಅಲ್ಲೇ ನಿಂತರು, ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಹೋದರು. ತೀರ್ಪಿನ ನಕಲು ಕೈಯಲ್ಲೇ ಇತ್ತು. ಆ ಹುಡುಗಿಯ ಎದುರಿಗೆ ಅದನ್ನು ಬಿಚ್ಚಲಾಗಲಿಲ್ಲ. ನೀರು ಕುಡಿದು ಎದ್ದೆ.

ಇವರು ಗದ್ದೆಯಿಂದ ಬರುತ್ತ ದಾರಿಯಲ್ಲಿ ಸಿಕ್ಕರು. ಬಸ್ಸಿನ ತನಕ ಪಕ್ಕದಲ್ಲೇ ನಡೆದರು. ನಡೆಯುತ್ತಲೇ ಹೇಳಿದರು.

"ನೀ ಹುಚ್ಚಿ ಅಲ್ಲಂತ ನನಗ ಮೊದಲನೇ ದಿನದಿಂದನ ಗೊತ್ತಿತ್ತು."

"ಹಂಗಾರ ಕೋರ್ಟಿನ್ಯಾಗ ಯಾಕ ಹೇಳ್ಲಿಲ್ರಿ?"

"ಅಪ್ಪ ಬಾಜೂಕ ಕುಂತಿದ್ದ."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವರು ಅಳುತ್ತಿದ್ದರು. "ಈಗ ಏನ್ ಮಾಡ್ಲಿ ಹೇಳು" ಎಂದು ನನ್ನನ್ನೇ ಕೇಳಿದರು. ಆ ಹುಡುಗಿಯನ್ನು ಚೆನ್ನಾಗಿ ನೋಡಿಕೊಳ್ಳಿ ಎಂದೆ. 

ಇನ್ನೊಂದು ಕೋರ್ಟು ಬೇಡ, ಅಪ್ಪಾ. ಆ ಕೂಸು ಹುಟ್ಟುವ ಹೊತ್ತಿಗೆ ಅದರ ಅವ್ವನನ್ನು ಯಾರೋ ಬಾಗಿಲಿಂದ ಆಚೆ ನಿಲ್ಲಿಸುವುದು ನನ್ನ ಹೆಸರಿನಲ್ಲಿ ಆಗಬಾರದು. ನಿಮ್ಮ ಮೇಲೆ ನನಗೆ ಬೇಸರವಿಲ್ಲ. ಇತ್ತು, ಬಹಳ ಇತ್ತು. ಈಗ ಹುಡುಕಿದರೂ ಸಿಗುವುದಿಲ್ಲ.

ಕಲಘಟಗಿಯಲ್ಲಿ ಬಸ್ಸು ಬದಲಿಸಿ ಕುಳಿತೆ. ಕಂಡಕ್ಟರ ಬಂದು "ಎಲ್ಲಿಗ್ರಿ ಯವ್ವಾ?" ಎಂದ. ಊರಿನ ಹೆಸರು ಹೇಳಬೇಕು, ಅಷ್ಟೇ. ಮೊರಬ, ತಂಬೂರ, ಅಣ್ಣಿಗೇರಿ, ಮೂರೂ ಬಾಯಿಯ ತನಕ ಬಂದವು, ಯಾವುದು ನನ್ನದೆಂದು ತಿಳಿಯದೆ ಒಂದೂ ಹೊರಗೆ ಬರಲಿಲ್ಲ. ಅವನು ಮತ್ತೆ ಕೇಳಿದ, ಇನ್ನೊಮ್ಮೆ ಕೇಳಿದ. ಹಿಂದಿನವರೆಲ್ಲ ನೋಡತೊಡಗಿದರು. ಕೊನೆಗೆ ಬಸ್ಸು ಎಲ್ಲಿಯ ತನಕ ಹೋಗುತ್ತದೋ ಅಲ್ಲಿಗೆ ಒಂದು ಟಿಕೀಟು ಹರಿದು ನನ್ನ ಕೈಯಲ್ಲಿ ಇಟ್ಟು ಮುಂದೆ ಹೋದ.

ಸಾವಿತ್ರಿ